ಬಿಸಿಲು ತಾಗಿದ ಮೊಟ್ಟೆ

ಸಿಂಧನೂರು ಸೀಮೆಯಲ್ಲಿ ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ. ಬೇಸಿಗೆಯ ತತ್ತಿ ಎಷ್ಟು ಬೇಗ ಕೆಡುತ್ತದೆಂಬುದನ್ನು ಸಾಲಗುಂದದಂಥ ಊರುಗಳಲ್ಲಿ ಜವಾರಿ ಕೋಳಿ ಸಾಕುವವರು ಬಲ್ಲರು. ಹುಂಜದೊಡನೆ ಕೂಡಿದ ಕೋಳಿ ಮೊಟ್ಟೆಯಿಡುವ ಹೊತ್ತಿಗೆ, ಹಳದಿಯ ಮೇಲಿನ ಬಿಳಿಯ ಚುಕ್ಕೆಯಲ್ಲಿ ಸಾವಿರಾರು ಜೀವಕೋಶಗಳು ಆಗಲೇ ಸಿದ್ಧವಾಗಿರುತ್ತವೆ. ತಂಪಿನಲ್ಲಿ ಆ ಬೆಳವಣಿಗೆ ನಿಂತು ಕಾಯುತ್ತದೆ. ಕಾವು ದೊರೆತೊಡನೆ ಮುಂದುವರಿಯುತ್ತದೆ. ಬಿರುಬೇಸಿಗೆಯಲ್ಲಿ ಕೋಳಿ ಕಾವಿಗೆ ಕೂರದಿದ್ದರೂ ಅದು ಅರೆಬರೆಯಾಗಿ ಬೆಳೆದು ಸತ್ತುಹೋಗುವುದುಂಟು. ಜೀವದ ಆರಂಭವನ್ನು ಕುರಿತ ಒಂದು ದೊಡ್ಡ ವಾದದಲ್ಲಿ ಈ ಸಣ್ಣ ಸಂಗತಿಯ ಪಾಲೂ ಇದೆ.

ಕ್ರಿಸ್ತಪೂರ್ವ ನಾಲ್ಕನೆಯ ಶತಮಾನದಲ್ಲಿಯೇ ಅರಿಸ್ಟಾಟಲನು ಕಾವಿನ ಮೊಟ್ಟೆಗಳ ಒಳಗನ್ನು ಪರಿಶೀಲಿಸಿದ್ದನು. ಮೂರು ದಿನ, ಮೂರು ರಾತ್ರಿ ಕಳೆದ ಮೇಲೆ ಹೃದಯವು ಮಿಡಿಯುವ ರಕ್ತಬಿಂದುವಾಗಿ ತೋರುತ್ತದೆ, ಅಂಗಗಳು ಒಂದರ ನಂತರ ಒಂದು ಮೂಡುತ್ತವೆ ಎಂದು ಅವನು ಬರೆದನು. 1651ರಲ್ಲಿ ಇಂಗ್ಲೆಂಡಿನ ವಿಲಿಯಂ ಹಾರ್ವೆ ಅದನ್ನೇ ಎತ್ತಿಹಿಡಿದನು.

ಇಟಲಿಯ ಮಾಲ್ಪೀಗಿ ಸೂಕ್ಷ್ಮದರ್ಶಕ ಹಿಡಿದು ಕೋಳಿಮೊಟ್ಟೆಯನ್ನು ನೋಡಿದ್ದು 1672ರ ಸುಮಾರಿಗೆ. ಹಿಂದಿನ ದಿನ ಇಟ್ಟ, ಕಾವಿಗೆ ಕೂರಿಸದ ಮೊಟ್ಟೆಯಲ್ಲೂ ಮರಿಯ ರೇಖೆಗಳು ಅವನಿಗೆ ಕಂಡವು. ಆದರೆ ಅದು ಆಗಸ್ಟ್ ತಿಂಗಳು, ಸೆಕೆ ವಿಪರೀತವಾಗಿತ್ತು. ಈ ಮಾತನ್ನು ಅವನೇ ಪ್ರಾಮಾಣಿಕವಾಗಿ ಬರೆದಿಟ್ಟಿದ್ದಾನೆ. ನಂತರದವರು ಸೆಕೆಯನ್ನು ಮರೆತು ರೇಖೆಗಳನ್ನು ಮಾತ್ರ ನೆನಪಿಟ್ಟುಕೊಂಡರು! ಇಡೀ ಪ್ರಾಣಿ ಮೊಟ್ಟೆಯೊಳಗೆ ಮೊದಲೇ ಮಡಿಚಿಟ್ಟಂತೆ ಇದೆ, ಬೆಳೆಯುವುದೆಂದರೆ ಬಿಚ್ಚಿಕೊಳ್ಳುವುದಷ್ಟೇ ಎಂಬ ಮತ ಬಲಗೊಂಡಿತು. ಹಾಗಾದರೆ ಆ ಮರಿಯೊಳಗೆ ಅದರ ಮರಿ, ಅದರೊಳಗೆ ಮತ್ತೊಂದು ಇರಬೇಕಲ್ಲವೇ? ಇರುತ್ತದೆ ಎಂದೇ ಅನೇಕರು ವಾದಿಸಿದರು.

ಅವರಲ್ಲೊಬ್ಬನು ಯಾಜಕನೇ ಆಗಿದ್ದ ಸ್ಪಲಾಂಜಾನಿ. 1780ರ ಹೊತ್ತಿಗೆ ಅವನು ಹೆಣ್ಣುನಾಯಿಯೊಂದಕ್ಕೆ ಕೃತಕ ಗರ್ಭಧಾರಣೆ ಮಾಡಿ ಯಶಸ್ವಿಯಾಗಿದ್ದನು. ಕಪ್ಪೆಯ ವೀರ್ಯವನ್ನು ಸೋಸಿದರೆ ಅದರ ಫಲಶಕ್ತಿ ನಷ್ಟವಾಗುವುದನ್ನೂ ಕಂಡನು. ಆದರೂ ವೀರ್ಯಾಣುಗಳಿಗೆ ಇದರಲ್ಲಿ ಪಾತ್ರವಿದೆಯೆಂದು ಅವನು ಒಪ್ಪಲಿಲ್ಲ. ಅಷ್ಟು ಜಾಣ ಪ್ರಯೋಗಗಾರನನ್ನೂ ನಂಬಿದ ಸಿದ್ಧಾಂತ ಕಟ್ಟಿಹಾಕಿತ್ತು.

ಬಿಡುಗಡೆ ಬಂದದ್ದು ಕೋಳಿಮೊಟ್ಟೆಯಿಂದಲೇ. ಜರ್ಮನಿಯ ವೋಲ್ಫ್ 1759ರಲ್ಲಿ ಮೊದಲೇ ಇರುವ ಮರಿಯ ಮತವನ್ನು ಎದುರಿಸಿದನು. ಮುಂದೆ, ಕರುಳು ಮೊದಲು ಚಪ್ಪಟೆ ಹಾಳೆಯಾಗಿದ್ದು ಬಳಿಕ ಮಡಿಚಿ ನಳಿಗೆಯಾಗುವುದನ್ನು ತೋರಿಸಿದನು. 1817ರಲ್ಲಿ ಪಾಂಡರ್ ಮೂರು ಪದರಗಳನ್ನು ಗುರುತಿಸಿದನು. ಸ್ಥೂಲವಾಗಿ ಹೇಳುವುದಾದರೆ ಹೊರಪದರದಿಂದ ಚರ್ಮ ಮತ್ತು ನರಮಂಡಲ, ನಡುಪದರದಿಂದ ಸ್ನಾಯು, ಮೂಳೆ, ರಕ್ತ, ಒಳಪದರದಿಂದ ಕರುಳಿನ ಒಳಗೋಡೆ ರೂಪುಗೊಳ್ಳುತ್ತವೆ. ಹಾಲೂಡಿಸುವ ಪ್ರಾಣಿಗೂ ಅಂಡವಿದೆಯೆಂಬುದನ್ನು 1827ರಲ್ಲಿ ನಾಯಿಯೊಂದರಲ್ಲಿ ಕಣ್ಣಾರೆ ಕಂಡವನು ಫಾನ್ ಬೇರ್.

ಈ ಚರಿತ್ರೆಯಲ್ಲಿ ನಮ್ಮ ನಾಡಿಗೂ ಒಂದು ಪುಟವಿದೆ. ಮೈಸೂರು ವಿಶ್ವವಿದ್ಯಾನಿಲಯದ ಪ್ರಾಣಿಶಾಸ್ತ್ರಜ್ಞ ಎ. ಸುಬ್ಬರಾವ್ ಅವರು ಜೆ. ಪಿ. ಹಿಲ್ ಮುಂತಾದವರೊಡನೆ ಕಾಡುಪಾಪದ ಭ್ರೂಣಪೊರೆಗಳನ್ನು ಅಧ್ಯಯನ ಮಾಡಿ, 1928ರಲ್ಲಿ ಲಂಡನ್ನಿನ ಪ್ರಾಣಿಶಾಸ್ತ್ರ ಸಂಘದ ನಡಾವಳಿಯಲ್ಲಿ ಪ್ರಕಟಿಸಿದರು. ದೊಡ್ಡ ಕಣ್ಣಿನ ಈ ನಿಶಾಚರಿ ವಾನರ ಕುಲದ ದೂರದ ನಂಟ. ಆದರೆ ಮಂಗನಲ್ಲೂ ಮನುಷ್ಯನಲ್ಲೂ ಭ್ರೂಣದ ಪೊರೆ ತಾಯಿಯ ರಕ್ತದಲ್ಲೇ ನೆನೆಯುತ್ತದೆ; ಕಾಡುಪಾಪದಲ್ಲಿ ಅದು ಗರ್ಭಕೋಶದ ಒಳಗೋಡೆಯನ್ನು ಕೊರೆಯದೆ, ಹಂದಿ ಕುದುರೆಗಳಲ್ಲಿ ಇರುವಂತೆ, ಒತ್ತಿಕೊಂಡಷ್ಟೇ ಇರುತ್ತದೆ.