ಎಡೆದೊರೆ ನಾಡಿನ ನವಶಿಲಾಯುಗ

ಕೃಷ್ಣಾ ಮತ್ತು ತುಂಗಭದ್ರೆಯ ನಡುವಿನ ನೆಲವನ್ನು ಹಳೆಯ ಶಾಸನಗಳು ಎಡೆದೊರೆ ಎಂದು ಕರೆದಿವೆ. ಕೃಷ್ಣೆಯ ಕಡೆಗೆ ದೇವದುರ್ಗ, ತುಂಗಭದ್ರೆಯ ಕಡೆಗೆ ಮಾನ್ವಿ, ಮೂಡಣಕ್ಕೆ ರಾಯಚೂರು. ದಕ್ಷಿಣ ಭಾರತದ ಮೊದಲ ದನಗಾಹಿಗಳು, ಮೊದಲ ಒಕ್ಕಲಿಗರು ನೆಲೆನಿಂತ ಸೀಮೆಗಳಲ್ಲಿ ಇದೂ ಒಂದು.

ಅವರ ದೊಡ್ಡ ಗುರುತು ಬೂದಿದಿಬ್ಬ. ಹಂಪಿಯ ಬಳಿಯ ನಿಂಬಾಪುರದ ದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿಯೆಂದೇ ನಂಬಿದ್ದಾರೆ. ಇಂಥ ದಿಬ್ಬಗಳು ನಿಜಕ್ಕೂ ಏನೆಂಬುದನ್ನು ಎಫ್. ಆರ್. ಆಲ್ಚಿನ್ ಅವರ ಉತ್ಖನನ ತೋರಿಸಿಕೊಟ್ಟಿತು. 1957ರಲ್ಲಿ ಅವರು ಹಳೆಯ ಮಹಬೂಬನಗರ ಜಿಲ್ಲೆಯ ಉಟ್ನೂರಿನಲ್ಲಿ ಅಗೆದಾಗ ಬೇಲಿಗೂಟ ನೆಟ್ಟ ಕುಳಿಗಳು ಕಂಡವು. ಬೂದಿಯ ಪದರಗಳ ನಡುವೆ ದನದ ಗೊರಸು ಊರಿದ ಗುರುತುಗಳೂ ಇದ್ದವು. ಅದು ದನದ ದೊಡ್ಡಿ! ಸಗಣಿ ರಾಶಿಯಾಗಿ, ಮತ್ತೆ ಮತ್ತೆ ಸುಟ್ಟು, ಗುಡ್ಡದಷ್ಟು ಬೆಳೆದಿತ್ತು.

ಕಾಲ ಗೊತ್ತುಮಾಡುವುದು ಇನ್ನೂ ಕಷ್ಟದ ಕೆಲಸ. 1947ರಲ್ಲಿ ಬ್ರಹ್ಮಗಿರಿಯನ್ನು ಅಗೆದ ಮಾರ್ಟಿಮರ್ ವೀಲರ್, ಕಲ್ಲುಕೊಡಲಿಯ ಸಂಸ್ಕೃತಿ ಕ್ರಿ.ಪೂ. ಮೊದಲ ಸಹಸ್ರಮಾನದ್ದೆಂದು ಅಂದಾಜಿಸಿದ್ದರು. ಉಟ್ನೂರಿನ ಇದ್ದಿಲಿನ ರೇಡಿಯೋ ಕಾರ್ಬನ್ ಪರೀಕ್ಷೆ ಆ ಲೆಕ್ಕವನ್ನು ಸಾವಿರ ವರ್ಷಕ್ಕೂ ಹೆಚ್ಚು ಹಿಂದಕ್ಕೆ ತಳ್ಳಿತು. ಮುದಗಲ್ ಬಳಿಯ ಪಿಕ್ಲಿಹಾಳ, ಬಿ. ಕೆ. ಥಾಪರ್ 1954ರಲ್ಲಿ ಅಗೆದ ಮಸ್ಕಿ, 1990ರ ದಶಕದಲ್ಲಿ ಅಗೆದ ಕವಿತಾಳ ಸಮೀಪದ ವಟಗಲ್, ಇವೆಲ್ಲ ರಾಯಚೂರು ಜಿಲ್ಲೆಯವೇ. ಈಗ ಈ ಸಂಸ್ಕೃತಿಯ ಆರಂಭವನ್ನು ಸುಮಾರು ಕ್ರಿ.ಪೂ. 3000ಕ್ಕೆ ಇಡುತ್ತಾರೆ.

ಆದರೆ ಇದ್ದಿಲನ್ನು ಪೂರ್ತಿ ನಂಬುವಂತಿಲ್ಲ. ಹಳೆಯ ಮರದ ತಿರುಳು ಸುಟ್ಟರೆ ಸಿಗುವುದು ಆ ತಿರುಳು ಬೆಳೆದ ಕಾಲವೇ ಹೊರತು ಒಲೆ ಉರಿದ ಕಾಲವಲ್ಲ. ಕಾಳು ಹಾಗಲ್ಲ, ಅದು ಒಂದೇ ಹಂಗಾಮಿನದು. ಡೋರಿಯನ್ ಫುಲ್ಲರ್, ರವಿ ಕೋರಿಶೆಟ್ಟರ್ ಮತ್ತು ನಿಕೋಲ್ ಬೋವಿನ್ 2007ರಲ್ಲಿ ಪ್ರಕಟಿಸಿದ ಅಧ್ಯಯನದ ಬಲ ಇಂಥ ಕರಕಲಾದ ಕಾಳುಗಳಲ್ಲಿತ್ತು. ಬಳ್ಳಾರಿಯ ಸಂಗನಕಲ್ಲಿನಂಥ ನೆಲೆಗಳ ಬೂದಿಮಣ್ಣನ್ನು ನೀರಿನಲ್ಲಿ ಕದಡಿದರೆ ಕಾಳು ತೇಲಿ ಮೇಲೆ ಬರುತ್ತದೆ.

ಹಾಗೆ ಸಿಕ್ಕವುಗಳಲ್ಲಿ ಮುಖ್ಯವಾದವು ಹುರುಳಿ, ಹೆಸರು, ಕೊರಲೆ. ಮೂರೂ ಮಳೆಯಾಶ್ರಯದಲ್ಲಿ ಬೆಳೆಯುವ, ಈ ದೇಶದ್ದೇ ಬೆಳೆಗಳು. ಬೇಸಾಯವನ್ನು ಇಲ್ಲಿಯವರು ಹೊರಗಿನಿಂದ ಇಡಿಯಾಗಿ ಎರವಲು ತರಲಿಲ್ಲವೆಂಬುದಕ್ಕೆ ಇದಕ್ಕಿಂತ ಗಟ್ಟಿ ಸಾಕ್ಷಿ ಬೇಕಿಲ್ಲ. ಪಶ್ಚಿಮ ಏಷ್ಯಾ ಮೂಲದ ಗೋಧಿ, ಜವೆಗೋಧಿ ಬಂದದ್ದು ಸುಮಾರು ಕ್ರಿ.ಪೂ. 1900ರ ವೇಳೆಗೆ. ತೊಗರಿ ಕಾಣಿಸಿಕೊಂಡದ್ದು ಅದಕ್ಕೂ ಶತಮಾನಗಳ ನಂತರ, ಪೂರ್ವ ಭಾರತದ ಕಡೆಯಿಂದ.