ಪ್ಯಾರಿಸ್‌ಗೆ ಹೋದ ಇಮಾಮರು: ವಿದೇಶ ವ್ಯಾಸಂಗದ ಒಂದು ಹಳೆಯ ಪಾಠ

ಮಗನನ್ನೋ ಮಗಳನ್ನೋ ಹೊರದೇಶಕ್ಕೆ ಓದಲು ಕಳುಹಿಸಬೇಕೇ ಬೇಡವೇ ಎಂಬ ಪ್ರಶ್ನೆ ಇಂದು ನಮ್ಮ ಅನೇಕ ಮುಸ್ಲಿಮ್ ಮನೆಗಳ ಅಂಗಳಕ್ಕೆ ಬಂದು ನಿಂತಿದೆ. ದುಡಿಮೆಗಾಗಿ ಕಡಲು ದಾಟುವುದು ನಮಗೆ ಹೊಸತಲ್ಲ. ಭಟ್ಕಳ, ಉಡುಪಿ, ಮಂಗಳೂರು ಕಡೆಯ ಎಷ್ಟೋ ಕುಟುಂಬಗಳು ಕೊಲ್ಲಿ ರಾಷ್ಟ್ರಗಳ ಸಂಪಾದನೆಯಿಂದಲೇ ನೆಲೆ ಕಂಡಿವೆ. ಆದರೆ ಕಲಿಕೆಗಾಗಿ ಕಡಲು ದಾಟುವ ಮಾತು ಬಂದೊಡನೆ ಹಿರಿಯರು ಹಿಂಜರಿಯುತ್ತಾರೆ. ಮಕ್ಕಳ ದೀನ್ ಏನಾದೀತು? ಬಡ್ಡಿಯ ಸಾಲವಿಲ್ಲದೆ ಹಣ ಎಲ್ಲಿಂದ ಬಂದೀತು? ಹೋದವರು ಮರಳಿ ಬಂದಾರೆಯೇ? ಈ ಮೂರು ಆತಂಕಗಳನ್ನು ನಾವು ಹಗುರವಾಗಿ ಕಾಣಲಾಗದು. ಆದರೆ ಇವು ನಮಗಷ್ಟೇ ಎದುರಾದವುಗಳೂ ಅಲ್ಲ. ಸುಮಾರು ಇನ್ನೂರು ವರ್ಷಗಳ ಹಿಂದೆ ಈಜಿಪ್ಟಿನ ಒಬ್ಬ ಯುವ ವಿದ್ವಾಂಸರು ಇವೇ ಪ್ರಶ್ನೆಗಳ ನಡುವೆ ಹಡಗು ಹತ್ತಿದರು. ಅವರ ಬದುಕನ್ನು ಅವಲೋಕಿಸಿದರೆ ವಿದೇಶ ವ್ಯಾಸಂಗದ ನಿಜವಾದ ಪ್ರಯೋಜನ ಯಾವುದೆಂಬುದು ನಮಗೆ ಮನವರಿಕೆಯಾಗುತ್ತದೆ.

ಜ್ಞಾನಾರ್ಜನೆಗಾಗಿ ಚೀನಾಕ್ಕಾದರೂ ಹೋಗಿರಿ ಎಂಬ ಮಾತು ನಮ್ಮ ಸಭೆಗಳಲ್ಲಿ ಆಗಾಗ ಕೇಳಿಬರುತ್ತದೆ. ಹದೀಸ್ ವಿದ್ವಾಂಸರು ಆ ವರದಿಯನ್ನು ವಿಶ್ವಾಸಾರ್ಹವೆಂದು ಒಪ್ಪಿಲ್ಲ. ಆದರೆ ಜ್ಞಾನಕ್ಕಾಗಿ ಪ್ರಯಾಣ ಮಾಡುವ ಪರಂಪರೆಗೆ ಅದರ ಆಸರೆಯ ಅಗತ್ಯವೂ ಇಲ್ಲ. ಪ್ರವಾದಿವರ್ಯರ(ಸ) ಸಂಗಾತಿ ಹಝ್ರತ್ ಜಾಬಿರ್ ಬಿನ್ ಅಬ್ದುಲ್ಲಾ(ರ) ಒಂದೇ ಒಂದು ಹದೀಸನ್ನು ನೇರವಾಗಿ ಕೇಳುವುದಕ್ಕಾಗಿ ಒಂದು ತಿಂಗಳ ಹಾದಿಯನ್ನು ಕ್ರಮಿಸಿ ಹಝ್ರತ್ ಅಬ್ದುಲ್ಲಾ ಬಿನ್ ಉನೈಸ್(ರ) ಅವರ ಬಳಿಗೆ ಹೋಗಿದ್ದರು. ಇಮಾಮ್ ಬುಖಾರಿ ಹದಿಹರೆಯದಲ್ಲಿ ತಾಯಿ ಮತ್ತು ಸಹೋದರನೊಂದಿಗೆ ಹಜ್ಜ್‌ಗೆ ಹೊರಟವರು. ಹಜ್ಜ್ ಮುಗಿದ ಬಳಿಕ ಮನೆಯವರು ಹಿಂದಿರುಗಿದರೂ ಅವರು ಕಲಿಕೆಗಾಗಿ ಅಲ್ಲಿಯೇ ಉಳಿದರು. ಕುರ್‌ಆನಿನ ಅತ್ತೌಬಾ ಅಧ್ಯಾಯದ 122ನೇ ವಚನವಂತೂ, ಸಮುದಾಯದ ಒಂದು ಗುಂಪು ಧರ್ಮದ ತಿಳಿವಳಿಕೆಗಾಗಿ ಮೀಸಲಾಗಬೇಕು, ಬಳಿಕ ತಮ್ಮ ಜನರನ್ನು ಎಚ್ಚರಿಸಬೇಕು ಎಂಬ ಆಶಯವನ್ನು ಮುಂದಿಡುತ್ತದೆ. ಕಲಿತವರಿಗೆ ತಮ್ಮ ಜನರ ಕುರಿತು ಹೊಣೆಯಿದೆ ಎಂಬ ಈ ಭಾವವನ್ನು ನಾವು ಗಮನದಲ್ಲಿಟ್ಟುಕೊಳ್ಳೋಣ.

ರಿಫಾಆ ರಾಫಿಅ್ ತಹ್ತಾವಿ 1801ರಲ್ಲಿ ದಕ್ಷಿಣ ಈಜಿಪ್ಟಿನ ತಹ್ತಾ ಎಂಬ ಊರಿನಲ್ಲಿ ಜನಿಸಿದರು. ನೆಪೋಲಿಯನ್ ತಂದಿದ್ದ ಫ್ರೆಂಚ್ ಸೇನೆ ಈಜಿಪ್ಟನ್ನು ತೊರೆದ ವರ್ಷವದು. 1817ರಲ್ಲಿ ಅವರು ಕೈರೋದ ಅಲ್-ಅಝ್ಹರ್‌ಗೆ ಸೇರಿದರು. ಅಲ್ಲಿ ಅವರಿಗೆ ದೊರೆತ ಗುರುಗಳು ಶೈಖ್ ಹಸನ್ ಅಲ್-ಅತ್ತಾರ್. ಫ್ರೆಂಚರು ಈಜಿಪ್ಟಿನಲ್ಲಿದ್ದಾಗ ಅವರ ವಿದ್ವಾಂಸರೊಂದಿಗೆ ಒಡನಾಡಿದ್ದ ಅತ್ತಾರರು, ಆಕ್ರಮಣಕಾರರ ಬಳಿಯೂ ಕಲಿಯತಕ್ಕ ವಿದ್ಯೆಯಿದೆ ಎಂಬುದನ್ನು ಮನಗಂಡಿದ್ದರು. ಭೂಗೋಳ, ಖಗೋಳ, ಇತಿಹಾಸಗಳ ಕುರಿತ ಅವರ ಆಸಕ್ತಿ ಶಿಷ್ಯನಿಗೂ ಹರಿದುಬಂತು.

ಆಗ ಈಜಿಪ್ಟಿನ ಆಡಳಿತ ಮುಹಮ್ಮದ್ ಅಲಿಯ ಕೈಯಲ್ಲಿತ್ತು. ಆಧುನಿಕ ಸೇನೆ ಕಟ್ಟುವುದು ಅವನ ಗುರಿ. ಸೇನೆಗೆ ವೈದ್ಯರು, ಎಂಜಿನಿಯರುಗಳು, ಫಿರಂಗಿ ತಯಾರಿಸಬಲ್ಲವರು ಬೇಕಿದ್ದರು. ಆದ್ದರಿಂದ 1826ರಲ್ಲಿ ನಲವತ್ತಕ್ಕೂ ಹೆಚ್ಚು ಯುವಕರ ತಂಡವೊಂದನ್ನು ಅವನು ಸರಕಾರದ ವೆಚ್ಚದಲ್ಲಿ ಪ್ಯಾರಿಸ್‌ಗೆ ಕಳುಹಿಸಿದನು. ಇವರ ನಮಾಝಿಗೆ ನೇತೃತ್ವ ಕೊಡಲು ಇಮಾಮರ ಅಗತ್ಯವಿತ್ತು. ಅತ್ತಾರರ ಶಿಫಾರಸಿನ ಮೇರೆಗೆ ಸೇನೆಯಲ್ಲಿ ಇಮಾಮರಾಗಿದ್ದ ಇಪ್ಪತ್ತನಾಲ್ಕರ ತಹ್ತಾವಿ ಆಯ್ಕೆಯಾದರು. ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಡಬೇಕೆಂದು ಗುರುಗಳು ಬೀಳ್ಕೊಡುವಾಗ ಹೇಳಿದ್ದರು. ಮಕ್ಕಳ ದೀನ್‌ನ ಬಗ್ಗೆ ಇಂದು ನಾವು ಪಡುವ ಚಿಂತೆ ಅಂದೂ ಇತ್ತು, ಅದಕ್ಕೆ ಏರ್ಪಾಡೂ ಇತ್ತು ಎಂಬುದನ್ನು ಇಲ್ಲಿ ಗಮನಿಸಬೇಕು.

ತಹ್ತಾವಿಯವರನ್ನು ಕಲಿಸಲು ಕಳುಹಿಸಿದ್ದರೇ ಹೊರತು ಕಲಿಯಲು ಅಲ್ಲ. ನಮಾಝ್ ನಿರ್ವಹಿಸಿ, ಉಪದೇಶ ನೀಡಿ, ಸಂಬಳ ಪಡೆದು ಮರಳಿದ್ದರೆ ಯಾರೂ ಅವರನ್ನು ದೂರುತ್ತಿರಲಿಲ್ಲ. ಆದರೆ ಅವರು ತಾವೇ ವಿದ್ಯಾರ್ಥಿಯಾಗಲು ನಿರ್ಧರಿಸಿದರು. ಮಾರ್ಸೆಯ ಬಂದರಿನಲ್ಲಿ ಇಳಿದ ಮೊದಲ ದಿನಗಳಲ್ಲೇ ಫ್ರೆಂಚ್ ಅಕ್ಷರಮಾಲೆಯನ್ನು ಹಿಡಿದು ಕುಳಿತರು. ಅಲ್-ಅಝ್ಹರ್‌ನಲ್ಲಿ ಪಾಠ ಹೇಳಿದ್ದ ವಿದ್ವಾಂಸರು ಪರದೇಶದಲ್ಲಿ ಮಕ್ಕಳಂತೆ ಅಕ್ಷರ ತಿದ್ದಿದರು. ತಮ್ಮ ಸಂಬಳದಲ್ಲಿ ಉಳಿಸಿದ ಹಣದಿಂದ ಹೆಚ್ಚುವರಿ ಪುಸ್ತಕಗಳನ್ನು ಕೊಂಡರು, ಪಾಠಕ್ಕೆ ಶಿಕ್ಷಕರನ್ನು ನೇಮಿಸಿಕೊಂಡರು. ಅತಿಯಾದ ಓದಿನಿಂದ ಎಡಗಣ್ಣಿನ ದೃಷ್ಟಿ ಮಂಕಾಯಿತು. ರಾತ್ರಿ ಓದಬಾರದೆಂದು ವೈದ್ಯರು ಎಚ್ಚರಿಸಿದರೂ ಓದು ನಿಲ್ಲಲಿಲ್ಲ.

ಆ ತಂಡದ ಮೊದಲ ವರ್ಷದ ಅನುಭವದಲ್ಲಿ ಇಂದಿನ ವಿದ್ಯಾರ್ಥಿಗಳಿಗೂ ಒಂದು ಪಾಠವಿದೆ. ಆರಂಭದಲ್ಲಿ ಎಲ್ಲರನ್ನೂ ಪ್ಯಾರಿಸ್‌ನಲ್ಲಿ ಒಂದೇ ಮನೆಯಲ್ಲಿ ಇರಿಸಲಾಗಿತ್ತು. ಅವರು ತಮ್ಮತಮ್ಮಲ್ಲೇ ಮಾತನಾಡಿಕೊಂಡರು, ಫ್ರೆಂಚ್ ಕಲಿಕೆ ಮುಂದೆ ಸಾಗಲಿಲ್ಲ. ಬಳಿಕ ಅವರನ್ನು ಬೇರೆ ಬೇರೆ ವಸತಿಶಾಲೆಗಳಿಗೂ ಶಿಕ್ಷಕರ ಮನೆಗಳಿಗೂ ಹಂಚಲಾಯಿತು. ಆಗಷ್ಟೇ ಭಾಷೆ ಕೈವಶವಾಯಿತು. ವಿದೇಶಕ್ಕೆ ಹೋಗಿಯೂ ನಮ್ಮೂರಿನವರ ಕೋಣೆಯೊಳಗೇ ಬದುಕಿ ಬರುವವರು ಊರು ಬದಲಿಸಿದ್ದಾರೆ ಎನ್ನಬಹುದೇ ವಿನಾ ಲೋಕ ಕಂಡಿದ್ದಾರೆ ಎನ್ನಲಾಗದು.

ಮಾರ್ಸೆಯ ಕಾಫಿ ಅಂಗಡಿಯೊಂದಕ್ಕೆ ಕಾಲಿಟ್ಟಾಗ ತಹ್ತಾವಿ ಅದನ್ನು ಜನಸಂದಣಿಯ ವಿಶಾಲ ಬೀದಿಯೆಂದೇ ಭಾವಿಸಿದ್ದರು. ಗೋಡೆಯ ತುಂಬ ಕನ್ನಡಿಗಳಿದ್ದವು ಎಂಬುದು ತಮ್ಮದೇ ಪ್ರತಿಬಿಂಬಗಳನ್ನು ಕಂಡ ಮೇಲಷ್ಟೇ ಅವರಿಗೆ ತಿಳಿಯಿತು. ಪರದೇಶವು ಅವರಿಗೆ ತಮ್ಮ ನಾಡನ್ನೂ ಹೊಸದಾಗಿ ತೋರಿಸಿತು. ಫ್ರೆಂಚರ ಶುಚಿತ್ವ, ದುಡಿಮೆಯ ಶಿಸ್ತು, ಸಾಮಾನ್ಯ ಜನರಲ್ಲೂ ಇದ್ದ ಓದಿನ ಹಂಬಲ, ದಿನಪತ್ರಿಕೆಗಳ ವ್ಯವಸ್ಥೆ ಇವೆಲ್ಲವನ್ನು ಅವರು ಮುಕ್ತವಾಗಿ ಮೆಚ್ಚಿದರು. ಅಲ್ಲಿ ವಿದ್ವಾಂಸನೆಂದರೆ ಧರ್ಮಗುರುವಲ್ಲ, ವಿಜ್ಞಾನ ಮತ್ತು ತರ್ಕದ ವಿದ್ಯೆಗಳನ್ನು ಬಲ್ಲವನು ಎಂದು ತಮ್ಮ ಓದುಗರಿಗೆ ವಿವರಿಸಿದರು. ಫ್ರೆಂಚರು ಸ್ವಾತಂತ್ರ್ಯ ಎಂದು ಕರೆಯುವುದು ನಮ್ಮಲ್ಲಿ ನ್ಯಾಯ ಎನಿಸಿಕೊಳ್ಳುವುದಕ್ಕೆ ಸಮಾನವೆಂದು ಬರೆದರು. ಅದೇ ಲೇಖನಿಯಿಂದ, ಅವರ ತತ್ವಶಾಸ್ತ್ರದಲ್ಲಿ ಧರ್ಮಕ್ಕೆ ವಿರುದ್ಧವಾದ ಮಾತುಗಳಿವೆಯೆಂದೂ, ಔದಾರ್ಯದಲ್ಲಿ ಅವರು ಅರಬರಿಗೆ ಸಾಟಿಯಲ್ಲವೆಂದೂ ಬರೆದರು. ರೂಸೋ, ವೋಲ್ಟೇರ್, ಮೊಂಟೆಸ್ಕ್ಯೂ ಅವರನ್ನು ಓದಿದ ಆ ಇಮಾಮರು ಇಮಾಮರಾಗಿಯೇ ಉಳಿದರು. ತನ್ನ ಧರ್ಮವನ್ನು ಚೆನ್ನಾಗಿ ಬಲ್ಲವನಿಗೆ ಪರರ ಗ್ರಂಥಾಲಯದಲ್ಲಿ ಅಂಜಿಕೆಯಿಲ್ಲ. ಅರೆಬರೆ ತಿಳಿದವನಿಗೆ ಮನೆಯೊಳಗೂ ಅಪಾಯವಿದೆ.

1830ರ ಜುಲೈಯಲ್ಲಿ ಪ್ಯಾರಿಸ್ ಜನರು ತಮ್ಮ ದೊರೆಯ ವಿರುದ್ಧ ದಂಗೆಯೆದ್ದು ಅವನನ್ನು ಪದಚ್ಯುತಗೊಳಿಸಿದರು. ತಹ್ತಾವಿ ಅದನ್ನು ಹತ್ತಿರದಿಂದ ಕಂಡು ದಾಖಲಿಸಿದರು. ಅದೇ ತಿಂಗಳ ಆರಂಭದಲ್ಲಿ ಫ್ರೆಂಚ್ ಸೇನೆ ಮುಸ್ಲಿಮರ ಅಲ್ಜಿಯರ್ಸ್ ನಗರವನ್ನು ವಶಪಡಿಸಿಕೊಂಡಿತ್ತು. ತನಗೆ ವಿದ್ಯೆ ನೀಡುತ್ತಿರುವ ದೇಶವೇ ತನ್ನ ಸಹೋದರರ ನಾಡನ್ನು ಕಬಳಿಸುವುದನ್ನು ಕಾಣುವುದು ಯಾವ ವಿದ್ಯಾರ್ಥಿಗೂ ಸುಲಭವಲ್ಲ. ಇಂದು ವಿದೇಶಗಳಲ್ಲಿ ಓದುತ್ತಿರುವ ನಮ್ಮ ಅನೇಕ ಯುವಕರಿಗೂ ಈ ಇಕ್ಕಟ್ಟು ಅಪರಿಚಿತವಲ್ಲ. ತಹ್ತಾವಿ ಪುಸ್ತಕವನ್ನು ಎಸೆದು ಬರಲಿಲ್ಲ, ವಿಜಯಿಗಳ ಹೊಗಳುಭಟರಾಗಲೂ ಇಲ್ಲ. ವಿದ್ಯೆಯಲ್ಲಿ ಹಿಂದುಳಿದ ಜನಾಂಗಕ್ಕೆ ತನ್ನ ನೆಲವನ್ನು ಕಾಯುವ ಶಕ್ತಿಯೂ ಉಳಿಯುವುದಿಲ್ಲ ಎಂಬುದು ಆ ಕಾಲದ ಕಟು ಪಾಠವಾಗಿತ್ತು.

1831ರಲ್ಲಿ ಅವರು ಸ್ವದೇಶಕ್ಕೆ ಮರಳಿದರು. ಮೂರು ವರ್ಷಗಳ ಬಳಿಕ ಅವರ ಪ್ಯಾರಿಸ್ ಪ್ರವಾಸಕಥನ ‘ತಖ್ಲೀಸುಲ್ ಇಬ್ರೀಝ್’ ಕೈರೋದ ಬೂಲಾಕ್ ಮುದ್ರಣಾಲಯದಿಂದ ಪ್ರಕಟವಾಯಿತು. ಮುಂದೆ ತುರ್ಕಿ ಭಾಷೆಗೂ ಅನುವಾದಗೊಂಡಿತು. 1835ರಲ್ಲಿ ಭಾಷಾಂತರಕಾರರ ಶಾಲೆ ಆರಂಭವಾಯಿತು. ‘ಮದ್ರಸತುಲ್ ಅಲ್ಸುನ್’, ಅಂದರೆ ಭಾಷೆಗಳ ಶಾಲೆ ಎಂದು ಪ್ರಸಿದ್ಧವಾದ ಆ ಸಂಸ್ಥೆಯ ಜೀವಾಳ ತಹ್ತಾವಿಯವರೇ. ಅಲ್ಲಿ ಅರಬಿ, ಫ್ರೆಂಚ್, ತುರ್ಕಿ ಭಾಷೆಗಳ ಜೊತೆಗೆ ಇತಿಹಾಸ, ಭೂಗೋಳ, ಕಾನೂನುಗಳನ್ನು ಕಲಿಸಲಾಯಿತು. ಅವರೂ ಅವರ ಶಿಷ್ಯರೂ ವೈದ್ಯ, ಗಣಿತ, ಚರಿತ್ರೆ, ಕಾನೂನಿನ ಗ್ರಂಥಗಳನ್ನು ಅರಬಿಗೆ ತಂದರು. ಒಬ್ಬರು ಪ್ಯಾರಿಸ್‌ನಲ್ಲಿ ಕಲಿತದ್ದು ಪ್ಯಾರಿಸ್ ಕಾಣದ ಸಾವಿರಾರು ಜನರ ಪಾಲಿಗೂ ಒದಗಿತು. ವಿದೇಶ ವ್ಯಾಸಂಗದ ಪ್ರಯೋಜನಗಳಲ್ಲಿ ನಾವು ಎಲ್ಲಕ್ಕಿಂತ ದೊಡ್ಡದೆಂದು ಎಣಿಸುವುದು ಇದನ್ನೇ.

ಈ ಹಾದಿ ಸುಗಮವಾಗಿಯೇನೂ ಇರಲಿಲ್ಲ. ಮುಂದೆ ಅಧಿಕಾರಕ್ಕೆ ಬಂದ ಒಂದನೇ ಅಬ್ಬಾಸ್ ಭಾಷೆಗಳ ಶಾಲೆಯನ್ನು ಮುಚ್ಚಿಸಿದನು. 1850ರಲ್ಲಿ ತಹ್ತಾವಿಯವರನ್ನು ಪ್ರಾಥಮಿಕ ಶಾಲೆಯೊಂದನ್ನು ನಡೆಸುವ ನೆಪದಲ್ಲಿ ಸುಡಾನಿನ ಖಾರ್ಟೂಮ್‌ಗೆ ಅಟ್ಟಲಾಯಿತು. ಅದು ಹೆಸರಿಗೆ ನೇಮಕ, ವಾಸ್ತವದಲ್ಲಿ ಗಡೀಪಾರು. ಅಲ್ಲಿಯೂ ಅವರು ಫ್ರೆಂಚ್ ಕೃತಿಯೊಂದನ್ನು ಅರಬಿಗೆ ಅನುವಾದಿಸುತ್ತಾ ದಿನ ಕಳೆದರು. 1854ರಲ್ಲಿ ಅಬ್ಬಾಸ್ ತೀರಿಕೊಂಡ ಬಳಿಕ ಕೈರೋಗೆ ಮರಳಿ ಮತ್ತೆ ಶಿಕ್ಷಣ ಮತ್ತು ಅನುವಾದದ ಕೆಲಸಕ್ಕೆ ಹೆಗಲು ಕೊಟ್ಟರು. ಕೊನೆಯ ವರ್ಷಗಳಲ್ಲಿ ಹುಡುಗಿಯರಿಗೂ ಹುಡುಗರಿಗೂ ಶಿಕ್ಷಣ ಸಮಾನವಾಗಿ ಸಲ್ಲಬೇಕೆಂದು ಪ್ರತಿಪಾದಿಸುವ ‘ಅಲ್ ಮುರ್ಶಿದುಲ್ ಅಮೀನ್’ ಗ್ರಂಥವನ್ನು ಬರೆದರು. 1873ರಲ್ಲಿ ಅವರು ನಿಧನರಾದರು. ಅದೇ ವರ್ಷ ಕೈರೋದಲ್ಲಿ ಸರಕಾರದ ಆಶ್ರಯದ ಹೆಣ್ಣುಮಕ್ಕಳ ಶಾಲೆಯೊಂದು ತೆರೆಯಿತು. ಅವರ ಭಾಷಾಶಾಲೆಯ ಹೆಸರು ಕೈರೋದ ಐನ್ ಶಮ್ಸ್ ವಿಶ್ವವಿದ್ಯಾಲಯದ ಅಲ್-ಅಲ್ಸುನ್ ವಿಭಾಗದಲ್ಲಿ ಇಂದಿಗೂ ಜೀವಂತವಾಗಿದೆ.

ಈ ಮಾದರಿ ಒಬ್ಬರಿಗಷ್ಟೇ ಸೀಮಿತವಾಗಲಿಲ್ಲ. 1844ರಲ್ಲಿ ಫ್ರಾನ್ಸ್‌ಗೆ ಹೋದ ಮತ್ತೊಂದು ತಂಡದಲ್ಲಿ ಹಳ್ಳಿಯ ಹುಡುಗ ಅಲಿ ಮುಬಾರಕ್ ಇದ್ದರು. ಎಂಜಿನಿಯರಿಂಗ್ ಕಲಿತು ಬಂದ ಅವರು ಮುಂದೆ ಶಿಕ್ಷಣದ ಹೊಣೆ ಹೊತ್ತು, 1870ರಲ್ಲಿ ಕೈರೋದಲ್ಲಿ ಸಾರ್ವಜನಿಕ ಗ್ರಂಥಾಲಯವನ್ನೂ ಮರುವರ್ಷ ದಾರುಲ್ ಉಲೂಮ್ ಶಿಕ್ಷಕರ ಕಾಲೇಜನ್ನೂ ಸ್ಥಾಪಿಸಿದರು. ಅಲ್-ಅಝ್ಹರ್‌ನಲ್ಲಿ ಕಲಿತವರಿಗೆ ಹೊಸ ವಿದ್ಯೆಗಳನ್ನೂ ಕಲಿಸಿ ಉತ್ತಮ ಶಿಕ್ಷಕರನ್ನಾಗಿ ಮಾಡುವುದು ಅದರ ಉದ್ದೇಶ. ಹೊರಗೆ ಹೋಗಿ ಕಲಿತವರೇ ಒಳಗಿನವರಿಗೆ ಬಾಗಿಲು ತೆರೆದರು.

ಈಗ ಆರಂಭದ ಮೂರು ಪ್ರಶ್ನೆಗಳಿಗೆ ಮರಳೋಣ. ದೀನ್‌ನ ಕುರಿತಾದ ಆತಂಕಕ್ಕೆ ಉತ್ತರವಿರುವುದು ಮಕ್ಕಳನ್ನು ತಡೆಯುವುದರಲ್ಲಲ್ಲ, ಅವರನ್ನು ಸಿದ್ಧಪಡಿಸುವುದರಲ್ಲಿ. ತಹ್ತಾವಿಯವರ ಹಿಂದೆ ಅಲ್-ಅಝ್ಹರ್‌ನ ವರ್ಷಗಳಿದ್ದವು, ಅತ್ತಾರರಂತಹ ಗುರುಗಳಿದ್ದರು. ನಮ್ಮ ಮಕ್ಕಳು ಹೊರಡುವ ವಾರದಲ್ಲಿ ಉಪದೇಶ ಮಾಡಿದರೆ ಸಾಲದು. ಬಾಲ್ಯದಿಂದಲೇ ಅವರಿಗೆ ಧರ್ಮದ ಅರ್ಥಪೂರ್ಣ ತಿಳಿವಳಿಕೆ ದೊರೆಯಬೇಕು.

ಹಣದ ಪ್ರಶ್ನೆ ಇನ್ನೂ ಕಠಿಣವಾದುದು. ಬಡ್ಡಿಯ ಸಾಲಕ್ಕೆ ಅಂಜಿ ಪ್ರತಿಭಾವಂತ ಮಕ್ಕಳು ಅವಕಾಶ ಬಿಟ್ಟುಕೊಡುತ್ತಿದ್ದರೆ ಅದರ ಹೊಣೆ ಸಮುದಾಯದ ಮೇಲೂ ಇದೆ. ಶಾಮ್, ಮಗ್ರಿಬ್ ಹಾಗೂ ತುರ್ಕಿಯ ವಿದ್ಯಾರ್ಥಿಗಳಿಗಾಗಿ ಅಲ್-ಅಝ್ಹರ್‌ನಲ್ಲಿ ‘ರಿವಾಕ್’ ಎಂಬ ಪ್ರತ್ಯೇಕ ವಸತಿಗಳಿದ್ದವು. ಅವರ ಅನ್ನಾಹಾರದ ವೆಚ್ಚವನ್ನು ವಕ್ಫ್ ಆಸ್ತಿಗಳು ಭರಿಸುತ್ತಿದ್ದವು. ಅಂದರೆ ಪರದೇಶದ ವಿದ್ಯಾರ್ಥಿಯನ್ನು ಪೋಷಿಸುವುದು ನಮ್ಮ ಪೂರ್ವಿಕರಿಗೆ ಸತ್ಕರ್ಮವಾಗಿತ್ತು. ವಿವಾಹಗಳ ಆಡಂಬರಕ್ಕೆ ಖರ್ಚಾಗುವ ಹಣದ ಒಂದು ಪಾಲನ್ನು ಪ್ರತಿಯೊಂದು ಜಮಾಅತ್ ಬಡ್ಡಿರಹಿತ ವಿದ್ಯಾನಿಧಿಗೆ ಎತ್ತಿಟ್ಟರೆ, ಕೆಲವೇ ವರ್ಷಗಳಲ್ಲಿ ಎಷ್ಟೋ ಬಡ ಮಕ್ಕಳ ದಾರಿ ತೆರೆಯಬಹುದು. ಆ ನಿಧಿಯಲ್ಲಿ ಹೆಣ್ಣುಮಕ್ಕಳಿಗೂ ನ್ಯಾಯವಾದ ಪಾಲಿರಬೇಕು.

ಇನ್ನು ಮರಳುವಿಕೆಯ ಮಾತು. ಎಲ್ಲರೂ ದೇಹದಿಂದ ಮರಳಲೇಬೇಕೆಂದು ಹೇಳುವುದು ಇಂದಿನ ಕಾಲಕ್ಕೆ ಹೊಂದಿಕೆಯಾಗದು. ಆದರೆ ಕಲಿತ ವಿದ್ಯೆ ಮರಳಲೇಬೇಕು. ಜರ್ಮನಿಯಲ್ಲಿ ಓದುವ ಯುವಕ ಊರಿನ ಹುಡುಗರಿಗೆ ಅರ್ಜಿ ತುಂಬುವುದನ್ನು ಕಲಿಸಬಹುದು, ಲಂಡನ್ನಿನಲ್ಲಿರುವ ಯುವತಿ ತಾನು ಕಲಿತ ವಿಷಯವನ್ನು ಸರಳ ಕನ್ನಡದಲ್ಲಿ ಬರೆಯಬಹುದು. ವೈದ್ಯ, ಕಾನೂನು, ವಿಜ್ಞಾನಗಳ ಹೊಸ ತಿಳಿವು ನಮ್ಮ ತಾಯಂದಿರಿಗೆ ಅರ್ಥವಾಗುವ ಕನ್ನಡದಲ್ಲಿ ಇಂದಿಗೂ ವಿರಳವಾಗಿದೆ. ತಹ್ತಾವಿ ತಮ್ಮ ಅರಬಿಗೆ ಸಲ್ಲಿಸಿದ ಋಣವನ್ನು ನಮ್ಮ ಮಕ್ಕಳು ಕನ್ನಡಕ್ಕೂ ಸಲ್ಲಿಸಲಿ.

ಮಕ್ಕಳನ್ನು ವಿಮಾನ ಹತ್ತಿಸುವ ಹೆತ್ತವರಲ್ಲಿ ನಮ್ಮದೊಂದು ವಿನಂತಿಯಿದೆ. ಅಲ್ಲಿ ಎಷ್ಟು ಸಂಬಳ ಸಿಗಬಹುದೆಂದು ಕೇಳುವ ಮೊದಲು, ಅಲ್ಲಿಂದ ನಮ್ಮ ಜನರಿಗೆ ಏನನ್ನು ತರುವಿ ಎಂದು ಕೇಳಿರಿ. ಜ್ಞಾನವನ್ನು ಅರಸಿ ಹೊರಡುವ ನಮ್ಮ ಮಕ್ಕಳ ಹಾದಿಯನ್ನು ಅಲ್ಲಾಹನು ಸುಗಮಗೊಳಿಸಲಿ, ಅವರ ಜ್ಞಾನವನ್ನು ಎಲ್ಲ ಜನರಿಗೂ ಉಪಯುಕ್ತವಾಗಿಸಲಿ. ಆಮೀನ್.