ಓದುವುದು ಪುಕ್ಕಟೆ, ಬರೆಯಲು ಗ್ಯಾಸ್

ಖಾರಘರದಲ್ಲಿ ನೆಲೆಸಿದ ಕನ್ನಡಿಗರಿಗೆ ಸಿಡ್ಕೋ ಎಂದರೇನು ಎಂದು ಹೇಳಬೇಕಾಗಿಲ್ಲ. 1970ರಲ್ಲಿ ಹುಟ್ಟಿದ ಈ ನಿಗಮವೇ ನಮ್ಮ ಸೆಕ್ಟರುಗಳಿಗೆ ಗೆರೆ ಎಳೆದದ್ದು. ಅದರ ಭಾಷೆಯಲ್ಲಿ ಖಾರಘರ ಒಂದು ‘ನೋಡ್’. 2022ರಲ್ಲಿ ಸಿಡ್ಕೋ ಮನೆ ಹಂಚಿಕೆ ಪತ್ರಗಳನ್ನು ಬ್ಲಾಕ್‌ಚೈನ್ ಮೂಲಕ ಪರಿಶೀಲಿಸಬಹುದಾದ ರೂಪದಲ್ಲಿ ಕೊಡಲು ಹೊರಟಾಗ, ಐಟಿಯವನೆಂಬ ಕಾರಣಕ್ಕೆ ಹಲವರು ನನ್ನನ್ನು ಕೇಳಿದ್ದು ಒಂದೇ ಪ್ರಶ್ನೆ: ‘ಪತ್ರ ಅಸಲಿಯೋ ನಕಲಿಯೋ ನೋಡೋಕೆ ನಾವೂ ಕ್ರಿಪ್ಟೊ ಕೊಳ್ಳಬೇಕೇನ್ರೀ?’

ಬೇಡ. ಓದುವುದಕ್ಕೆ ಕಾಸು ಬೇಡ, ಖಾತೆ ಬೇಡ, ಸಹಿಯೂ ಬೇಡ. ಆದರೆ ಈ ‘ಬೇಡ’ದ ಹಿಂದೆ ಒಂದು ಚರಿತ್ರೆಯಿದೆ.

ಇಥೀರಿಯಂ ಜಾಲ ಶುರುವಾದದ್ದು 2015ರ ಜುಲೈ 30ರಂದು. ಅದರಲ್ಲಿನ ಸ್ಮಾರ್ಟ್ ಕಾಂಟ್ರ್ಯಾಕ್ಟ್ ಎಂದರೆ ತನ್ನದೇ ಕಿರ್ದಿ ಪುಸ್ತಕ ಇಟ್ಟುಕೊಂಡ ಒಂದು ಪ್ರೋಗ್ರಾಂ. ಆ ಪುಸ್ತಕದಲ್ಲಿ ಒಂದು ಅಂಕಿ ಬದಲಾಗಬೇಕಾದರೆ ವ್ಯವಹಾರ ನಡೆಯಬೇಕು: ಸಹಿ ಹಾಕಬೇಕು, ಕನಿಷ್ಠ 21,000 ಯೂನಿಟ್ ‘ಗ್ಯಾಸ್’ಗೆ ಹಣ ತೆರಬೇಕು, ಜಾಲದ ಪ್ರತಿಯೊಂದು ನೋಡ್ ಆ ಲೆಕ್ಕವನ್ನು ತಾನೂ ಮಾಡಿ ನೋಡಬೇಕು. ನೋಡ್ ಅಂದರೆ ಇಲ್ಲಿ ಸಿಡ್ಕೋದ್ದಲ್ಲ, ಲೆಕ್ಕದ ಪ್ರತಿ ಇಟ್ಟುಕೊಂಡ ಕಂಪ್ಯೂಟರು. ನಮ್ಮ ಕಿವಿಗೆ ಅದು ‘ನೋಡು’ ಎಂದೇ ಕೇಳಿಸುತ್ತದೆ, ತಪ್ಪೇನಿಲ್ಲ.

ಓದುವ ದಾರಿ ಬೇರೆ. ಅದಕ್ಕಿರುವ ಸಲಕರಣೆಯ ಹೆಸರು ‘ಈಥ್ ಕಾಲ್’. ಯಾವುದಾದರೂ ಒಂದೇ ನೋಡ್‌ಗೆ ಪ್ರಶ್ನೆ ಕಳಿಸಿದರೆ ಸಾಕು. ಅದು ತನ್ನ ಬಳಿಯ ಪ್ರತಿಯ ಮೇಲೆ ಪ್ರೋಗ್ರಾಂ ಓಡಿಸಿ ಉತ್ತರ ಹೇಳುತ್ತದೆ. ಓಡಿಸುವಾಗ ಅಂಕಿ ಬದಲಾದರೂ ಆ ಬದಲಾವಣೆಯನ್ನು ಅಲ್ಲೇ ಬಿಸಾಡುತ್ತದೆ. ಸ್ಲೇಟಿನಲ್ಲಿ ಲೆಕ್ಕ ಮಾಡಿ ಒರೆಸಿದ ಹಾಗೆ. ಕೇಳಿದ್ದಕ್ಕೆ ಬ್ಲಾಕ್‌ಚೈನಿನಲ್ಲಿ ಒಂದು ಗುರುತೂ ಉಳಿಯುವುದಿಲ್ಲ. ಪ್ರಶ್ನೆಯನ್ನು ಹದಿನಾರಂಕಿ ಲಿಪಿಯಲ್ಲಿ ಹೊಸೆಯಬೇಕು, ಅದರ ಮೊದಲ 4 ಬೈಟುಗಳು ಯಾವ ಫಂಕ್ಷನ್ ಎಂದು ಸೂಚಿಸುತ್ತವೆ. ಇದು ಎಲ್ಲರ ಕೈಲಾಗುವ ಕೆಲಸವಲ್ಲ. ಈಥರ್‌ಸ್ಕ್ಯಾನಿನಂಥವರು ‘ರೀಡ್ ಕಾಂಟ್ರ್ಯಾಕ್ಟ್’ ಎಂಬ ಗುಂಡಿ ಇಟ್ಟ ಮೇಲೆ ಸಾಮಾನ್ಯರಿಗೂ ಬಾಗಿಲು ತೆರೆಯಿತು.

ನನ್ನಂಥವನಿಗೆ ಹೆಚ್ಚು ಸ್ವಾರಸ್ಯ ಅನಿಸುವುದು ಇನ್ನೊಂದು ಸಂಗತಿ. ಕಾಂಟ್ರ್ಯಾಕ್ಟ್ ಬರೆಯುವ ಸಾಲಿಡಿಟಿ ಭಾಷೆಯಲ್ಲಿ ಮೊದಮೊದಲು ‘ಈ ಫಂಕ್ಷನ್ ಏನನ್ನೂ ಬದಲಿಸುವುದಿಲ್ಲ’ ಎನ್ನಲು ‘ಕಾನ್‌ಸ್ಟಂಟ್’ ಎಂದು ಬರೆಯುತ್ತಿದ್ದರು. ಬರೆದಷ್ಟೇ ಭಾಗ್ಯ, ಒಳಗೆ ಬದಲಿಸಿದರೆ ತಡೆಯುವವರಿರಲಿಲ್ಲ. 2017ರಲ್ಲಿ ಭಾಷೆಗೆ ‘ವ್ಯೂ’, ‘ಪ್ಯೂರ್’ ಎಂಬ ಪದಗಳು ಬಂದವು. ಅದೇ ಅಕ್ಟೋಬರಿನ ಬೈಜಾಂಟಿಯಂ ಪರಿಷ್ಕರಣೆಯಲ್ಲಿ ಯಂತ್ರದ ಮಟ್ಟದಲ್ಲೇ ‘ಸ್ಟ್ಯಾಟಿಕ್ ಕಾಲ್’ ಎಂಬ ಆಜ್ಞೆ ಸೇರಿತು: ಒಂದು ಕಾಂಟ್ರ್ಯಾಕ್ಟ್ ಇನ್ನೊಂದನ್ನು ಹೀಗೆ ಕರೆದರೆ, ಕರೆಸಿಕೊಂಡದ್ದು ಬರೆಯಲು ಹೊರಟ ಕೂಡಲೇ ಕೆಲಸ ನಿಲ್ಲುತ್ತದೆ. 2018ರ ನವೆಂಬರಿನಲ್ಲಿ ಬಂದ ಸಾಲಿಡಿಟಿ 0.5.0 ‘ವ್ಯೂ’ ಫಂಕ್ಷನ್‌ಗಳನ್ನು ಈ ಆಜ್ಞೆಯ ಮೂಲಕವೇ ಕರೆಯತೊಡಗಿತು, ಹಳೆಯ ‘ಕಾನ್‌ಸ್ಟಂಟ್’ ಫಂಕ್ಷನ್ನುಗಳಿಂದ ಮಾಯವಾಯಿತು. ಬಾಯಿಮಾತಿನ ಭರವಸೆ ಕಾಯಿದೆಯಾಗಲು ಮೂರು ವರ್ಷ ಹಿಡಿಯಿತು.

ಊರಿನ ಲೆಕ್ಕದಲ್ಲಿ ಇದಕ್ಕೆ ತಲೆಮಾರುಗಳೇ ಹಿಡಿದವು. ಶಾನುಭೋಗರ ಕಾಲದಲ್ಲಿ ಬರೆಯುವವರೂ ಅವರೇ, ಓದಿ ಹೇಳುವವರೂ ಅವರೇ. 1961ರ ಗ್ರಾಮಾಧಿಕಾರ ರದ್ದತಿ ಕಾಯಿದೆ 1963ರಲ್ಲಿ ಜಾರಿಯಾಗಿ ವಂಶಪಾರಂಪರ್ಯ ಹೋಯಿತು. ಪುಸ್ತಕ ಮಾತ್ರ ಗ್ರಾಮ ಲೆಕ್ಕಿಗರ ಕಂಕುಳಲ್ಲೇ ಉಳಿಯಿತು. 2000ದ ಸುಮಾರಿಗೆ ಬಂದ ‘ಭೂಮಿ’ ಯೋಜನೆ 67 ಲಕ್ಷ ರೈತರ ಸುಮಾರು 2 ಕೋಟಿ ದಾಖಲೆಗಳನ್ನು ಕಂಪ್ಯೂಟರಿಗೆ ಏರಿಸಿತು. ಆಗ ತಾಲ್ಲೂಕು ಕಚೇರಿಯ ಕಿಟಕಿಯಲ್ಲಿ 15 ರೂಪಾಯಿ ಕೊಟ್ಟರೆ ಪಹಣಿ ಕೈಗೆ ಬರುತ್ತಿತ್ತು. ತಿದ್ದುವ ನೌಕರ ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕು. ಕೇಳುವ ರೈತನಿಗೆ ಆ ಕಟ್ಟಳೆ ಇಲ್ಲ. ಜನರ ಕಡೆಗೆ ಮುಖ ಮಾಡಿದ ಎರಡನೆಯ ಪರದೆಯೂ ಇತ್ತು, ಒಳಗೆ ಏನು ನಡೆಯುತ್ತಿದೆ ಎಂದು ಕಾಣಲು. ಆ ಎರಡನೆಯ ಪರದೆಯನ್ನು ನಾನು ‘ಈಥ್ ಕಾಲ್’ನ ದೊಡ್ಡಣ್ಣ ಎನ್ನುತ್ತೇನೆ.

ಕಂಡರೆ ತಡೆಯಬಹುದೇ? 2016ರ ಜೂನ್ 17ರಂದು ‘ದ ಡಿಎಒ’ ಎಂಬ ಕಾಂಟ್ರ್ಯಾಕ್ಟಿನಿಂದ ಸುಮಾರು 36 ಲಕ್ಷ ಈಥರ್ ಸೋರಿಹೋಯಿತು. ಸೋರುತ್ತಿದ್ದುದು ಜಗತ್ತಿಗೆಲ್ಲ ಕಾಣುತ್ತಿತ್ತು. ಕೊನೆಗೆ ಜುಲೈನಲ್ಲಿ ಜಾಲವನ್ನೇ ಕವಲೊಡೆಸಿ ಲೆಕ್ಕ ತಿದ್ದಬೇಕಾಯಿತು. 2017ರ ನವೆಂಬರಿನಲ್ಲಿ ಪ್ಯಾರಿಟಿ ವ್ಯಾಲೆಟ್‌ಗಳು ಅವಲಂಬಿಸಿದ್ದ ಲೈಬ್ರರಿಯನ್ನು ಯಾರೋ ಅಳಿಸಿಬಿಟ್ಟಾಗ 5 ಲಕ್ಷಕ್ಕೂ ಮಿಕ್ಕ ಈಥರ್ ಹೆಪ್ಪುಗಟ್ಟಿತು. ಆ ಸಲ ಕವಲೊಡೆಯಲಿಲ್ಲ. ಆ ವಿಳಾಸಗಳ ಶಿಲ್ಕನ್ನು ಇಂದೂ ಯಾರು ಬೇಕಾದರೂ ಓದಬಹುದು. ತೆಗೆಯಲು ಒಡೆಯನಿಗೂ ಆಗದು.

ಇನ್ನೊಂದು ಗೊಂದಲ: ಕಾಂಟ್ರ್ಯಾಕ್ಟಿನಲ್ಲಿ ‘ಪ್ರೈವೇಟ್’ ಎಂದು ಬರೆದರೆ ಗುಟ್ಟು ಎಂದು ಹೊಸ ಹುಡುಗರು ತಿಳಿಯುತ್ತಾರೆ. ಇಲ್ಲ. ಇತರ ಕಾಂಟ್ರ್ಯಾಕ್ಟುಗಳಿಗಷ್ಟೇ ಬಾಗಿಲು ಮುಚ್ಚಿರುತ್ತದೆ, ಹೊರಗಿನಿಂದ ಸ್ಟೋರೇಜಿನ ಖಾನೆಯನ್ನೇ ಓದಿಬಿಡಬಹುದು. ಮತ್ತೆ, ಸ್ವಂತ ನೋಡ್ ಇಟ್ಟುಕೊಳ್ಳುವವರು ನಮ್ಮಲ್ಲಿ ಎಷ್ಟು ಮಂದಿ? ಬಹುಪಾಲು ಪ್ರಶ್ನೆಗಳು ಕೆಲವೇ ಕಂಪನಿಗಳ ನೋಡ್‌ಗಳಿಗೆ ಹೋಗುತ್ತವೆ. 2020ರ ನವೆಂಬರ್ 11ರಂದು ಇನ್‌ಫ್ಯೂರಾದ ಸೇವೆ ಕೆಟ್ಟಾಗ ಬೈನಾನ್ಸ್ ಕೂಡ ಈಥರ್ ಹಿಂಪಡೆಯುವುದನ್ನು ಸ್ವಲ್ಪ ಹೊತ್ತು ನಿಲ್ಲಿಸಿತ್ತು. ಲೆಕ್ಕ ಸಾವಿರಾರು ಕಡೆ ಇದ್ದರೂ ಕಿಟಕಿ ಒಂದೇ ಎಂದಾದರೆ ಮತ್ತೆ ಶಾನುಭೋಗರ ಜಗಲಿಗೇ ಬಂದು ನಿಂತ ಹಾಗೆ.

ಹಂಚಿಕೆ ಪತ್ರ ಕೇಳಿದವರಿಗೆ ನಾನು ಗಡಚಿರೋಲಿ ಜಿಲ್ಲೆಯ ಎಟಾಪಲ್ಲಿಯ ಉದಾಹರಣೆ ಕೊಡುತ್ತೇನೆ. 2022ರಲ್ಲಿ ಅಲ್ಲಿ 65,000 ಜಾತಿ ಪ್ರಮಾಣಪತ್ರಗಳನ್ನು ಪಾಲಿಗಾನ್ ಜಾಲದ ಆಧಾರದಲ್ಲಿ ಕೊಡುವ ಯೋಜನೆ ಕೈಗೊಂಡರು. ಇಂಥ ಪದ್ಧತಿಯಲ್ಲಿ ಜಾಲದ ಮೇಲೆ ಇರಬೇಕಾದದ್ದು ಪತ್ರದ ಬೆರಳಚ್ಚಿನಂಥ ಹ್ಯಾಶ್ ಮಾತ್ರ. ಅದನ್ನು ಪುಕ್ಕಟೆ ಓದಿ, ಕೈಲಿರುವ ಪತ್ರದ ಹ್ಯಾಶ್ ಜೊತೆ ಹೋಲಿಸಬಹುದು. ಹೊಂದಿದರೆ, ಕೊಟ್ಟ ದಿನದಿಂದ ಒಂದಕ್ಷರವೂ ಬದಲಾಗಿಲ್ಲ ಎಂದು ಖಾತರಿ. ಕೊಟ್ಟ ದಿನ ಬರೆದದ್ದೇ ಸರಿಯೇ ಎಂಬುದನ್ನು ತಿಳಿಯಲು ಕಚೇರಿಯ ಕಡತವನ್ನೇ ಬಿಚ್ಚಿಸಬೇಕು.